ಮಲಗಿರೋ ಡಾಲ್ಫಿನ್‌ಗಳ ಜೊತೆ ಒಂದು ದಿನ, ಸಮದಾಯಿ ಟ್ರಿಪ್

ಮರ್ಸಾ ಆಲಂನಲ್ಲಿ ಬೆಳಿಗ್ಗೆ ಬೋಟ್ ಹತ್ತಿದಾಗ ತಲೇಲಿ ಇದ್ದದ್ದು ಒಂದೇ, ಡಾಲ್ಫಿನ್ ಈಜೋದನ್ನ ನೀರಿನ ಒಳಗಿಂದ ವಿಡಿಯೋ ಮಾಡ್ಬೇಕು, ಜೊತೆಗೆ ಅವುಗಳ ಸಿಳ್ಳೆ, ಟಿಕ್ ಟಿಕ್ ಸದ್ದು ಎಲ್ಲಾ ರೆಕಾರ್ಡ್ ಆಗ್ಬೇಕು. ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಸಮದಾಯಿ ಅಂತ ಒಂದು ಹವಳದ ದಿಬ್ಬ ಇದೆ, ಕುದುರೆ ಲಾಳದ ಆಕಾರ, ಹೊರಗಡೆ ಅಲೆ ಎಷ್ಟೇ ಇದ್ರೂ ಲಾಳದ ಒಳಗೆ ನೀರು ಶಾಂತ. ಸ್ಪಿನ್ನರ್ ಡಾಲ್ಫಿನ್‌ಗಳು (ನೀರಿಂದ ಮೇಲೆ ಹಾರಿ ಗಿರಗಿರ ತಿರುಗೋ ಜಾತಿ) ರಾತ್ರಿಯೆಲ್ಲಾ ಆಳ ಸಮುದ್ರದಲ್ಲಿ ಸಣ್ಣ ಮೀನು, ಸ್ಕ್ವಿಡ್ ಹಿಡಿದು ತಿಂದು ಹಗಲು ರೆಸ್ಟ್ ಮಾಡೋಕೆ ಇಲ್ಲಿಗೆ ಬರ್ತವೆ.

ಮುಂಚೆ ಬೋಟ್‌ಗಳು ಸೀದಾ ಒಳಗೇ ನುಗ್ಗಿ ಅವುಗಳಿಗೆ ನಿದ್ದೆನೇ ಇಲ್ದಂಗೆ ಮಾಡಿದ್ವು. 2004ರಿಂದ ಜಾಗನ ಭಾಗ ಮಾಡಿದ್ದಾರೆ, ಎ ಝೋನ್ ಪೂರ್ತಿ ಡಾಲ್ಫಿನ್‌ಗಳಿಗೆ, ಮನುಷ್ಯರು ಕಾಲಿಡೋ ಹಾಗೇ ಇಲ್ಲ, ಬಿ ಝೋನ್‌ನಲ್ಲಿ ಸ್ನಾರ್ಕೆಲ್ ಮಾಡ್ಬಹುದು, ಅಂದ್ರೆ ಬಾಯಲ್ಲಿ ಉಸಿರಿನ ಕೊಳವೆ ಇಟ್ಕೊಂಡು ಮೇಲೇ ತೇಲ್ತಾ ಕೆಳಗೆ ನೋಡ್ಬಹುದು, ಬೋಟ್ ಕಟ್ಟೋದು ಸಿ ಝೋನ್‌ನಲ್ಲಿ. ನನಗೆ ತುಂಬಾ ಇಷ್ಟ ಆದ ರೂಲ್ ಇದು. ನಾವು ಅವುಗಳ ಹತ್ರ ಹೋಗೋದಲ್ಲ, ಅವಕ್ಕೆ ಮನಸ್ಸಿದ್ರೆ ಈ ಕಡೆ ಬರ್ತವೆ.

ಬಂದ್ವು ಕೂಡ. ಮೊದಲು ನೀಲಿ ಬಿಟ್ರೆ ಏನೂ ಕಾಣ್ಲಿಲ್ಲ, ಆಮೇಲೆ ಕೆಳಗಡೆ ಬೂದು ನೆರಳು, ಒಂದು, ಮೂರು, ಹತ್ತು, ನೋಡ್ತಾ ನೋಡ್ತಾ ಇಡೀ ಗುಂಪೇ ನನ್ನ ಕೆಳಗೆ ಹಾದು ಹೋಗ್ತಿತ್ತು. ಗಡಿಬಿಡೀಲಿ ನಾನು ಜೋರಾಗಿ ಕಾಲು ಬಡಿದು ಅವುಗಳ ಹಿಂದೆ ಹೋಗೋಕೆ ನೋಡ್ದೆ, ಗೈಡ್ ಕೈ ಹಿಡಿದು ನಿಲ್ಲಿಸಿದ್ರು. ಮೇಲೆ ಬಂದ್ಮೇಲೆ ಹೇಳಿದ್ದು ಇಷ್ಟೇ, "ಅವು ನಿದ್ದೆ ಮಾಡ್ತಿವೆ, ಸುಮ್ನೆ ತೇಲ್ತಾ ಇರಿ."

ಆಮೇಲೆ ಕ್ಯಾಮೆರಾ ಕೆಳಗೆ ಹಿಡ್ಕೊಂಡು ಅಲ್ಲಾಡದೆ ತೇಲ್ತಾ ಇದ್ದೆ. ಲೈಟ್ ಹಾಕ್ಲಿಲ್ಲ, ನಿದ್ದೆ ಮಾಡೋ ಪ್ರಾಣಿ ಮುಖಕ್ಕೆ ಲೈಟ್ ಬಿಡೋದು ತಪ್ಪು, ಹಾಕಿದ್ರೂ ನೀರಲ್ಲಿರೋ ಧೂಳಿನ ಕಣಗಳೇ ಹೊಳೆದು ವಿಡಿಯೋ ಹಾಳಾಗುತ್ತೆ. ಕೆಂಪು ಬಣ್ಣನ ನೀರು ಮೊದಲ ಕೆಲವು ಮೀಟರಲ್ಲೇ ನುಂಗಿಬಿಡುತ್ತೆ, ಹಾಗಾಗಿ ಎಲ್ಲಾ ನೀಲಿ ನೀಲಿಯಾಗೇ ಬಂತು. ಬರ್ಲಿ ಬಿಡಿ, ಅಲ್ಲಿ ಇದ್ದದ್ದೇ ಹಾಗೆ.

ಸಂಜೆ ರೂಮಲ್ಲಿ ಒಂದು ಕ್ಲಿಪ್ಪನ್ನ ಎಷ್ಟು ಸಲ ನೋಡಿದ್ನೋ ಲೆಕ್ಕ ಇಲ್ಲ. ಒಂದು ತಾಯಿ, ಅದರ ಪಕ್ಕೆಗೆ ಅಂಟಿಕೊಂಡ ಹಾಗೆ ಒಂದು ಮರಿ. ಸೆಕೆಂಡಿಗೆ 60 ಫ್ರೇಮಲ್ಲಿ ತೆಗೆದಿದ್ದನ್ನ ಸ್ಲೋ ಮಾಡಿದಾಗ ಕಾಣ್ಸುತ್ತೆ, ತಾಯಿ ಬಾಲ ಒಂದು ಸಲ ಮೇಲೆ ಕೆಳಗೆ ಆಡೋ ಅಷ್ಟರಲ್ಲಿ ಮರಿ ಬಾಲ ಎರಡು ಮೂರು ಸಲ ಆಡುತ್ತೆ, ಆಮೇಲೆ ಮರಿ ಬಾಲ ಆಡ್ಸೋದೇ ನಿಲ್ಲಿಸಿಬಿಡುತ್ತೆ, ಆದ್ರೂ ಮುಂದೆ ಹೋಗ್ತಾನೇ ಇರುತ್ತೆ! ತಾಯಿ ಮೈ ಪಕ್ಕ ಹರಿಯೋ ನೀರೇ ಅದನ್ನ ಎಳ್ಕೊಂಡು ಹೋಗೋದು. ಆಮೇಲೆ ಇಬ್ರೂ ಒಟ್ಟಿಗೆ ಉಸಿರಿಗೆ ಮೇಲೆ ಬರ್ತಾರೆ. ಡಾಲ್ಫಿನ್‌ಗೆ ಉಸಿರಾಡೋದೂ ನೆನಪಿಟ್ಟು ಮಾಡೋ ಕೆಲಸ, ಅದಕ್ಕೇ ಮೆದುಳಿನ ಅರ್ಧ ಭಾಗ ಮಲಗಿದ್ರೆ ಇನ್ನರ್ಧ ಎಚ್ಚರ ಇರುತ್ತೆ.

ಸದ್ದು? ಅದೇ ಇರ್ಲಿಲ್ಲ. ಹವಳದ ಕಡೆಯಿಂದ ಎಣ್ಣೇಲಿ ಸಾಸಿವೆ ಸಿಡಿದ ಹಾಗೆ ಚಟಪಟ ಬಿಟ್ರೆ ಏನಿಲ್ಲ, ಮೈಕ್ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ದೆ. ಗೈಡ್‌ನ ಕೇಳಿದ್ದಕ್ಕೆ, ರೆಸ್ಟ್ ಮಾಡುವಾಗ ಸ್ಪಿನ್ನರ್‌ಗಳು ಬಹಳ ಕಮ್ಮಿ ಸದ್ದು ಮಾಡ್ತವೆ, ಸದ್ದಿನಿಂದ ಸುತ್ತಮುತ್ತ ಹುಡುಕೋದು ಬಿಟ್ಟು ಕಣ್ಣಿನ ಮೇಲೇ ನಂಬಿಕೆ ಇಟ್ಟು ಒತ್ತೊತ್ತಾಗಿ ಈಜ್ತವೆ ಅಂದ್ರು, ಶಾರ್ಕ್ ಬಂದ್ರೆ ತಿಳಿಯೋ ದೂರ ಕಣ್ಣಿಗೆ ಕಾಣ್ಬೇಕಲ್ಲ, ಅದಕ್ಕೇ ಇಂಥ ತಿಳಿ ನೀರಿನ ಜಾಗ ಹುಡುಕ್ಕೊಂಡು ಬರೋದಂತೆ. ಅಂದ್ರೆ ನನ್ನ ವಿಡಿಯೋಲಿ ಇರೋದು ಅವುಗಳ ನಿದ್ದೆಯ ಮೌನ.

ಕೊನೇ ಕ್ಲಿಪ್ಪು ವಾಪಸ್ ಹೊರಡೋ ಹೊತ್ತಿಂದು. ಏಣಿ ಹಿಡ್ಕೊಂಡು ಒಂದು ಕೈಲಿ ಕ್ಯಾಮೆರಾ ಇನ್ನೂ ನೀರಲ್ಲೇ ಬಿಟ್ಟಿದ್ದೆ, ಚಿತ್ರದಲ್ಲಿ ನೀಲಿ ನೀರು, ಬೋಟಿನ ತಳ, ಅಷ್ಟೇ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸಣ್ಣ ಸಿಳ್ಳೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಗುಂಪು ಏಳ್ತಾ ಇತ್ತು. ಮೂರನೇದು ಕೇಳೋಷ್ಟರಲ್ಲಿ ಎಂಜಿನ್ ಸ್ಟಾರ್ಟ್ ಆಯ್ತು.