ಕೂಲರ್ ಹಿಂದಿನ ವೈಫೈ

ಮೂರು ದಿನದಿಂದ ವೈಫೈ ಕಾಟ. ರೂಟರ್ ಪಕ್ಕ ಕೂತರೆ ವೇಗ 90 ಎಂಬಿಪಿಎಸ್, ಒಳಕೋಣೆಯಲ್ಲಿ 4. ಪಿಂಗ್ ಹಾಕಿ, ಪುಟ್ಟ ಪುಟ್ಟ ಸಂದೇಶ (ಪ್ಯಾಕೆಟ್) ಕಳಿಸಿ ನೋಡಿದರೆ, 100ಕ್ಕೆ 18 ವಾಪಸ್ಸೇ ಬರಲಿಲ್ಲ. ಕೇಬಲ್ ಸಿಕ್ಕಿಸಿದರೆ ಒಂದೂ ಕಳೆಯಲಿಲ್ಲ. ಅಂದರೆ ಲೈನ್ ಸರಿಯಾಗೇ ಇತ್ತು, ಸುಮ್ನೆ ಕಂಪನಿಯವರನ್ನು ಬೈದೆ. ಓಣಿಯವರ ವೈಫೈ ಎಲ್ಲ ಒಂದೇ ತರಂಗಪಟ್ಟಿಯಲ್ಲಿ, ಚಾನೆಲ್ 6ರಲ್ಲೇ ಇತ್ತು. ನಾನು 11ಕ್ಕೆ ಹಾಕಿದೆ. ತುಸು ಸುಧಾರಿಸಿತು, ಅಷ್ಟೇ.

ಅವ್ವ ಅಂದಳು, "ಕೂಲರ್ ಇಟ್ಟಾಗಿಂದ ಹಿಂಗ ಆಗ್ಲತದ ನೋಡು."

ಹೌದಲ್ವಾ! ಕಲಬುರಗಿ ಬಿಸಿಲಿಗೆ ಹೆದರಿ ಇಳಿಸಿದ ತಗಡಿನ ಕೂಲರ್, ಹೊಟ್ಟೆ ತುಂಬ ನೀರು, ನೇರ ರೂಟರ್ ಮುಂದೆ. ತಗಡು ಸಿಗ್ನಲ್ ತಡೆಯುತ್ತದೆ, ನೀರು ಅದನ್ನು ಹೀರುತ್ತದೆ. ಸೆಟ್ಟಿಂಗ್ ಕೆದಕುತ್ತಾ ಕೂತವನಿಗೆ ಕಣ್ಣೆದುರಿನ ಕೂಲರ್ ಕಾಣಲಿಲ್ಲ. ರೂಟರನ್ನು ಶಹಾಬಾದ್ ಕಲ್ಲಿನ ಸಜ್ಜಾ ಮೇಲೆ ಏರಿಸಿದೆ. ಈಗ ಒಳಗೆ 40 ಬರುತ್ತಿದೆ. ಕೂಲರ್ ಸರಿಸುವ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ.