ತವರಿಗೆ ಬಂದ ತಂಗಿ, ಅಲ್ಲೇ ಉಳಿದ ತಾಯಿ ಕಾರ್ಡ್

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅಮ್ಮನ ಆಸೆ. ಎಂಟನೇ ತಿಂಗಳಲ್ಲಿ ಸೀಮಂತ ಮುಗಿಸಿ ತಂಗಿಯನ್ನು ಕರೆದುಕೊಂಡು ಬಂದೆವು. ಸೀರೆ, ಬಳೆ, ಮಡಿಲಕ್ಕಿ ಎಲ್ಲ ಬಂತು. ಬಸುರಿಯ ತಪಾಸಣೆ, ಇಂಜೆಕ್ಷನ್ ಎಲ್ಲ ಬರೆದಿಡುವ ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿಯಿತು. ಅವಳ ಅತ್ತೆ ಮಾವ ಮನೆಗೆ ಬೀಗ ಹಾಕಿ ಧರ್ಮಸ್ಥಳಕ್ಕೆ ಹೋಗಿದ್ದರು.

ಮರುವಾರ ನಮ್ಮೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ತಂಗಿಯ ರಕ್ತದ ಗುಂಪು ಓ ನೆಗೆಟಿವ್, ಗಂಡನದು ಪಾಸಿಟಿವ್. ಅವಳ ರಕ್ತದಲ್ಲಿ ಪಾಸಿಟಿವ್ ರಕ್ತದ ವಿರುದ್ಧ ಪ್ರತಿಕಾಯ ಇದೆಯಾ ಅಂತ ನೋಡಲು ಡಾಕ್ಟರಮ್ಮ ಬರೆದುಕೊಟ್ಟ ಐಸಿಟಿ ಪರೀಕ್ಷೆ ಪಾಸಿಟಿವ್ ಬಂತು.

"ಏಳನೇ ತಿಂಗಳಲ್ಲಿ ಆಂಟಿ-ಡಿ ಕೊಟ್ಟಿದ್ರಾ?"

"ಒಂದು ಇಂಜೆಕ್ಷನ್ ಕೊಟ್ರು ಮೇಡಂ. ಯಾವುದು ಅಂತ ಗೊತ್ತಿಲ್ಲ."

ಮಗುವಿನ ರಕ್ತ ಪಾಸಿಟಿವ್ ಆಗಿದ್ದು, ತಾಯಿಯ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿದರೆ ಮಗುವಿನ ರಕ್ತಕಣಗಳು ಒಡೆಯುತ್ತವೆ. ಅದನ್ನು ತಡೆಯಲೆಂದೇ 28ನೇ ವಾರದ ಹೊತ್ತಿಗೆ ಆಂಟಿ-ಡಿ ಕೊಡುವುದು. ಆದರೆ ಆ ಇಂಜೆಕ್ಷನ್ ತೆಗೆದುಕೊಂಡವರಿಗೂ ಕೆಲವು ವಾರ ಇದೇ ಪರೀಕ್ಷೆ ಪಾಸಿಟಿವ್ ಬರಬಹುದು. ಅಂದರೆ ಇಂಜೆಕ್ಷನ್ ಆಗಿದ್ದರೆ ಹೆದರಬೇಕಿಲ್ಲ. ಆಗಿಲ್ಲದಿದ್ದರೆ ಮಗುವಿಗೆ ಅಪಾಯ, ದೊಡ್ಡಾಸ್ಪತ್ರೆಗೆ ಓಡಬೇಕು. ಒಂದು ತಾರೀಕು ಸಿಕ್ಕರೆ ಸಾಕಿತ್ತು. ತಂಗಿ ನನ್ನ ಕೈ ಹಿಡಿದು ಕೂತಿದ್ದಳು. ಅವಳ ಅಂಗೈ ಒದ್ದೆಯಾಗಿತ್ತು.

ಕಂಪ್ಯೂಟರ್ ಮುಂದಿದ್ದ ಹುಡುಗ, ಬಸುರಿಯ ಹೆಸರು ನೋಂದಾಯಿಸಿದಾಗ ಕೊಡುವ ಆರ್‌ಸಿಎಚ್ ನಂಬರ್ ಕೇಳಿದ. ಆ 12 ಅಂಕಿ ಇದ್ದದ್ದು ತಾಯಿ ಕಾರ್ಡಿನ ಮೇಲೆ. ಅಭಾ ಇದೆಯಾ ಅಂದ. 2021ರಲ್ಲಿ ದೇಶದಲ್ಲೆಲ್ಲ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಯ ನಂಬರ್ ಅದು. ತಂಗಿಯ ಫೋನಿನಲ್ಲಿ ಅದರ ಫೋಟೋ ಇತ್ತು. ಒಟಿಪಿ ಹೋದದ್ದು ಅವಳ ಗಂಡನ ಮೊಬೈಲಿಗೆ. ಅವರು ಡ್ಯೂಟಿಯಲ್ಲಿದ್ದರು. ನಾಲ್ಕು ಸಲ ಫೋನ್ ಮಾಡಿದ ಮೇಲೆ ಒಟಿಪಿ ಸಿಕ್ಕಿತು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ.

ನಂಬರ್ ಇದ್ದರೆ ಸಾಲದು ಅಂತ ಅವತ್ತು ತಿಳಿಯಿತು. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ಅವರು ಅದನ್ನು ಕಂಪ್ಯೂಟರಿಗೆ ಹಾಕಿ, ಆ ನಂಬರಿಗೆ ಜೋಡಿಸಿದ್ದರೆ ಮಾತ್ರ ನಮ್ಮ ಒಪ್ಪಿಗೆ ಪಡೆದು ಬೇರೆಯವರು ನೋಡಬಹುದು. ಒಪ್ಪಿಗೆ ಕೇಳುವುದು ಸರಿಯೇ. ಬಸುರಿ ಹೆಂಗಸಿನ ವಿಷಯ ಕಂಡಕಂಡವರು ನೋಡುವಂತಾಗಬಾರದು. ಆದರೆ ಒಂದೇ ರಾಜ್ಯ, ಒಂದೇ ಇಲಾಖೆ. ಬಸುರಿಯರು ತವರಿಗೆ ಬರುವುದು ನಮ್ಮಲ್ಲಿ ಹೊಸದೂ ಅಲ್ಲ. ಅವರ ಹಿಂದೆ ಅವರ ದಾಖಲೆಯೂ ಬರಬೇಕಲ್ವಾ?

ಕೊನೆಗೆ ಗಂಡನೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ.

"ಅಕ್ಕಾ, ಇಂಜೆಕ್ಷನ್‌ಗೆ ನಾನೇ ಕರ್ಕೊಂಡು ಹೋಗಿದ್ದು. ಆಂಟಿ-ಡಿನೇ ಅದು. ಗಾಬರಿ ಆಗ್ಬೇಡಿ."

ಬಾಯಿಮಾತು ಸಾಲದು, ಬರಹದಲ್ಲಿ ಬೇಕು ಅಂದರು ಡಾಕ್ಟರಮ್ಮ. ಅವರದು ತಪ್ಪಲ್ಲ. ಆ ಹೆಣ್ಣುಮಗಳು ಬಿಸಿಲಲ್ಲಿ ಬಸ್ಸು ಹತ್ತಿ ಅಲ್ಲಿನ ಆಸ್ಪತ್ರೆಗೆ ಹೋದರು. ಮಧ್ಯಾಹ್ನ ಎರಡೂವರೆಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಅಂಚು ಮಡಚಿದ ಉದ್ದನೆಯ ರಿಜಿಸ್ಟರ್, ನೀಲಿ ಶಾಯಿ. ಬೇರೆಯವರ ಹೆಸರು ಕಾಣದಂತೆ ಮೇಲೂ ಕೆಳಗೂ ಕಾಗದ ಇಟ್ಟು ತೆಗೆದಿದ್ದರು. ನಡುವಿನ ಸಾಲಿನಲ್ಲಿ ತಂಗಿಯ ಹೆಸರು, 'ಆಂಟಿ-ಡಿ 300', ತಾರೀಕು. ನಾಲ್ಕು ವಾರದ ಹಿಂದಿನದು. ಇಂಜೆಕ್ಷನ್‌ಗೂ ಮುಂಚೆ ಮಾಡಿದ ಐಸಿಟಿ ನೆಗೆಟಿವ್ ಅಂತಲೂ ಪಕ್ಕದಲ್ಲೇ ಬರೆದಿತ್ತು. ಡಾಕ್ಟರಮ್ಮ ಫೋಟೋ ದೊಡ್ಡದು ಮಾಡಿ ಎರಡು ಸಲ ಓದಿದರು. "ಊಟ ಮಾಡಮ್ಮ, ಹೋಗು," ಅಂದರು. ತಂಗಿ ಅಲ್ಲೇ ಅತ್ತುಬಿಟ್ಟಳು.

ಮುಂದಿನ ತಿಂಗಳು ಹೆಣ್ಣುಮಗು ಹುಟ್ಟಿತು. ಮಗುವಿನದು ಪಾಸಿಟಿವ್ ಗುಂಪು. ಹೆರಿಗೆಯಾಗಿ 72 ಗಂಟೆಯೊಳಗೆ ಕೊಡಬೇಕಾದ ಎರಡನೇ ಆಂಟಿ-ಡಿ ಮರುದಿನವೇ ಆಯಿತು. ಅದೂ ರಿಜಿಸ್ಟರಿನಲ್ಲೇ ದಾಖಲಾಯಿತು. ಸಂಜೆ ಆಶಾ ಅಕ್ಕನ ಫೋನ್ ಬಂತು.

"ಮಗುಗೆ ಯಾವ್ಯಾವ ಲಸಿಕೆ ಆಯ್ತು? ಮುಂದಿನದು ಇಲ್ಲೇ ಹಾಕಿಸ್ಬೇಕಲ್ಲ, ಹೇಳಿ."

ನಾನು ಕಾರ್ಡು ನೋಡಿಕೊಂಡು ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಅಂತ ತಾರೀಕು ಸಮೇತ ಒಂದೊಂದಾಗಿ ಓದಿದೆ. ಅವರು ಡೈರಿಯಲ್ಲಿ ಬರೆದುಕೊಂಡರು.