ಆಲೆಮನೆಯ ಡಿಪಿಆರ್ ಮತ್ತು ನಾನು ಕೇಳದೆ ಬಿಟ್ಟ 48 ಎಕರೆ

2024ರ ಫೆಬ್ರವರಿಯಲ್ಲಿ ಮಂಡ್ಯದಲ್ಲಿ ನಡೆದ ಪ್ರಗತಿ ಪರಿಶೀಲನಾ ಸಭೆಯಲ್ಲಿ ನನ್ನ ಹೆಸರು ಹೇಳಿ, ಬೆಲ್ಲದ ಘಟಕಗಳ ಮಂಜೂರಾತಿಯಲ್ಲಿ ಒಳ್ಳೆಯ ಸಾಧನೆಯಾಗಿದೆ ಎಂದು ಎಲ್ಲರ ಮುಂದೆ ಮೆಚ್ಚಿಕೊಂಡರು. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ನಾನು ಬ್ಯಾಂಕಿನ ಶಾಖಾ ವ್ಯವಸ್ಥಾಪಕರೊಂದಿಗೆ, ಆ ಸಾಧನೆಯ ಪಟ್ಟಿಯಲ್ಲಿದ್ದ ಒಂದು ಆಲೆಮನೆಯಲ್ಲಿ, ಎರಡು ತಿಂಗಳಿಂದ ಬೆಂಕಿ ಕಾಣದ ಒಲೆಯ ಮುಂದೆ ನಿಂತಿದ್ದೆ. ಆ ಸಾಲದ ಖಾತೆ 78 ದಿನ ಬಾಕಿಯಾಗಿ, ಬ್ಯಾಂಕಿನವರು ಎಸ್‌ಎಂಎ-2 ಎನ್ನುವ ಕೊನೆಯ ಎಚ್ಚರಿಕೆಯ ಹಂತಕ್ಕೆ ಬಂದಿತ್ತು. ಇನ್ನು ಹನ್ನೆರಡು ದಿನ ಕಳೆದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಬೆಳಗಿನ ಸಭೆಯಲ್ಲಿ ಮೆಚ್ಚುಗೆ ಕೇಳುತ್ತಿದ್ದಾಗಲೂ ಆ ಖಾತೆಯ ವಿವರ ನನ್ನ ಚೀಲದಲ್ಲೇ ಇತ್ತು.

ನಾನು ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಡಿಆರ್‌ಪಿ, ಅಂದರೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ಅರ್ಜಿದಾರರನ್ನು ಹುಡುಕುವುದು, ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆಯುವುದು, ಪೋರ್ಟಲ್‌ಗೆ ಏರಿಸುವುದು, ಜಿಲ್ಲಾ ಮಟ್ಟದ ಸಮಿತಿಯಲ್ಲಿ (ಡಿಎಲ್‌ಸಿ) ಅನುಮೋದನೆ ಪಡೆದು ಕಡತದ ಹಿಂದೆ ಬ್ಯಾಂಕಿಗೆ ಅಲೆಯುವುದು ನನ್ನ ಕೆಲಸ. ಸಾಲ ಮಂಜೂರಾದ ಪ್ರತಿ ಪ್ರಕರಣಕ್ಕೆ 20,000 ರೂಪಾಯಿ ಸಂಭಾವನೆ. ಅರ್ಧ ಮಂಜೂರಾದ ಮೇಲೆ, ಉಳಿದರ್ಧ ಉದ್ಯಮ್ ನೋಂದಣಿ, ಎಫ್‌ಎಸ್‌ಎಸ್‌ಎಐ ಪರವಾನಗಿ, ತರಬೇತಿ ಮುಗಿದ ಮೇಲೆ. ಘಟಕ ಎರಡನೆಯ ವರ್ಷ ನಡೆಯುತ್ತಿದೆಯೇ ಎಂಬುದಕ್ಕೂ ನನ್ನ ಸಂಭಾವನೆಗೂ ಸಂಬಂಧವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪಿಗೆ ಈ ವ್ಯವಸ್ಥೆ ಒತ್ತಾಸೆಯಾಗಿ ನಿಂತಿತ್ತು.

ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ತತ್ವದಡಿ ಮಂಡ್ಯಕ್ಕೆ ಬಂದದ್ದು ಬೆಲ್ಲ. ಇಲ್ಲಿ ಆಲೆಮನೆ ಹೊಸ ಉದ್ದಿಮೆಯಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದಂದಿನಿಂದ ಕಬ್ಬು ಬಂದಿದೆ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂದಿದೆ, ಕಾರ್ಖಾನೆ ಅರೆಯದ ಅಥವಾ ಹಣ ಕೊಡಲು ತಡಮಾಡುವ ಕಾಲದಲ್ಲಿ ರೈತನಿಗೆ ಕೈಮೇಲೆ ಕಾಸು ಕೊಟ್ಟದ್ದು ಆಲೆಮನೆಯೇ. ಹೀಗಿರುವಾಗ ಕೇಂದ್ರದ 35 ಶೇಕಡಾ ಸಹಾಯಧನಕ್ಕೆ ರಾಜ್ಯ ಸರ್ಕಾರ ಇನ್ನೂ 15 ಶೇಕಡಾ ಸೇರಿಸಿ, ಯೋಜನಾ ವೆಚ್ಚದ ಒಟ್ಟು ಅರ್ಧದಷ್ಟನ್ನು, ಗರಿಷ್ಠ 15 ಲಕ್ಷದವರೆಗೆ ಕೊಡುತ್ತದೆ ಎಂದಾಗ ನಾನು ಮನಃಪೂರ್ವಕವಾಗಿ ನಂಬಿದೆ. ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕದೆ, ಬೆಂಡೆಯ ಲೋಳೆಯಲ್ಲಿ ಕೊಳೆ ತೆಗೆದು, ಸ್ಟೀಲ್ ಕೊಪ್ಪರಿಗೆಯಲ್ಲಿ ಕಾಯಿಸಿದ ಬೆಲ್ಲಕ್ಕೆ ಒಳ್ಳೆಯ ಬೆಲೆ ಸಿಗಬೇಕೆಂಬ ಆಸೆ ನನ್ನದೂ ಆಗಿತ್ತು, ಈಗಲೂ ಇದೆ.

ಈ ಆಲೆಮನೆಯ ಡಿಪಿಆರ್ ಬರೆದದ್ದು 2022ರ ನವೆಂಬರಿನಲ್ಲಿ. ಯೋಜನಾ ವೆಚ್ಚ 24 ಲಕ್ಷ, ಮಾಲೀಕರ ವಂತಿಗೆ ಶೇಕಡಾ 10, ಸಹಾಯಧನ 12 ಲಕ್ಷ. ನಮ್ಮಲ್ಲಿ ಕೈಯಿಂದ ಕೈಗೆ ಓಡಾಡುವ ಎಕ್ಸೆಲ್ ಟೆಂಪ್ಲೇಟಿನಲ್ಲಿ ಕೆಲಸದ ದಿನಗಳ ಕೋಶಕ್ಕೆ 300 ಎಂದು ಮೊದಲೇ ತುಂಬಿರುತ್ತದೆ. ಖಾರದ ಪುಡಿಗೂ ಅದೇ, ಹಪ್ಪಳಕ್ಕೂ ಅದೇ, ಬೆಲ್ಲಕ್ಕೂ ಅದೇ. ನಾನು ಅದನ್ನು 240ಕ್ಕೆ ಇಳಿಸಿದೆ, ಎಚ್ಚರಿಕೆಯ ಲೆಕ್ಕ ಹಾಕಿದೆನೆಂದು ಸಮಾಧಾನಪಟ್ಟೆ. ದಿನಕ್ಕೆ 8 ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ 8 ಕ್ವಿಂಟಾಲ್ ಬೆಲ್ಲ. ಡಿಎಸ್‌ಸಿಆರ್, ಅಂದರೆ ಆದಾಯದಿಂದ ಕಂತು ಕಟ್ಟುವ ಸಾಮರ್ಥ್ಯದ ಅನುಪಾತ, ಬ್ಯಾಂಕಿಗೆ ಒಪ್ಪಿಗೆಯಾಗುವಷ್ಟು ಬಂತು. ಆದರೆ 240 ದಿನಕ್ಕೆ ದಿನಕ್ಕೆ 8 ಟನ್ ಎಂದರೆ 1,920 ಟನ್ ಕಬ್ಬು, ಎಕರೆಗೆ 40 ಟನ್ ಇಳುವರಿ ಹಿಡಿದರೂ 48 ಎಕರೆ ಗದ್ದೆ. ಈ ಗುಣಾಕಾರ, ಭಾಗಾಕಾರವನ್ನು ನಾನು ಆಗ ಮಾಡಲೇ ಇಲ್ಲ. ಆ 48 ಎಕರೆ ಯಾರದು, ಯಾವ ವಿತರಣಾ ನಾಲೆಯ ಕೆಳಗಿದೆ, ಕೊಳವೆ ಬಾವಿ ಇದೆಯೇ ಎಂಬ ಒಂದು ಪ್ರಶ್ನೆಯೂ ನನ್ನ ಬಾಯಿಂದ ಬರಲಿಲ್ಲ.

ಕೇಳಿದ್ದು ಆಲೆಮನೆಯ ಯಜಮಾನರೇ. ದಾಖಲೆಗಳಿಗೆ ಸಹಿ ಹಾಕುತ್ತಾ, "ಸಾರ್, ಒಂದು ವರ್ಷ ಮಳೆ ಕೈಕೊಟ್ರೆ ಕಂತು ಹೆಂಗೆ?" ಎಂದರು. ಆ ವರ್ಷ ಕೆಆರ್‌ಎಸ್ ತುಂಬಿತ್ತು, ನಾಲೆಗಳಲ್ಲಿ ನೀರು ಹರಿಯುತ್ತಿತ್ತು. ಲೆಕ್ಕವೆಲ್ಲ ಸರಾಸರಿಯ ಮೇಲೆ ನಡೆಯುತ್ತದೆ, ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ, ಚಿಂತೆ ಬೇಡ ಎಂದು ನಾನು ಉತ್ತರಿಸಿದೆ. ಅವರ ಗದ್ದೆ ಇದ್ದುದು ನಾಲೆಯ ಕೊನೆಭಾಗದಲ್ಲಿ. ಕೊನೆಭಾಗದವರಿಗೆ ಸರಾಸರಿ ಎಂಬುದೊಂದು ಇರುವುದಿಲ್ಲ. ಸರದಿಯಂತೆ ಬಿಡುವ ಕಟ್ಟು ನೀರು ಬಂದರೆ ಬಂತು, ಮೇಲಿನವರು ತೂಬು ಎತ್ತಿಕೊಂಡರೆ ಹೋಯಿತು. ಮಂಡ್ಯದಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿಯದ ವಿಷಯವಾಗಿರಲಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾಯಿತು. ಜಲಾಶಯ ತುಂಬಲಿಲ್ಲ, ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ನೀರು ಬಿಡುವ ಆದೇಶದ ವಿರುದ್ಧ ನಗರದ ಸರ್ ಎಂ. ವಿಶ್ವೇಶ್ವರಯ್ಯ ಪ್ರತಿಮೆಯ ಮುಂದೆ ದಿನವೂ ಧರಣಿ ನಡೆಯಿತು. ಕೊನೆಭಾಗದ ಕಬ್ಬು ಗಣ್ಣು ಗಣ್ಣಾಗಿ ಒಣಗಿತು. ಕೆಲವರು ಅದನ್ನು ಮೇವಿಗೆ ಕಡಿದು ಮಾರಿದರು. ಉಳಿದ ಕಬ್ಬಿಗೆ ಕಾರ್ಖಾನೆಗಳೂ ಆಲೆಮನೆಗಳೂ ಪೈಪೋಟಿಗೆ ಬಿದ್ದಾಗ ಹೊಸದಾಗಿ ಸಾಲ ಮಾಡಿದ ಸಣ್ಣ ಆಲೆಮನೆ ಸೋಲುವುದು ಸಹಜವೇ ಆಗಿತ್ತು.

ಆ ಮಧ್ಯಾಹ್ನದ ಕೆಲವು ನಿಮಿಷಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕೊಪ್ಪರಿಗೆಯ ತಳದಲ್ಲಿ ಕಂದು ಬಣ್ಣದ ಪಾಕ ಒಣಗಿ ಬಿರುಕು ಬಿಟ್ಟಿತ್ತು. ಅಚ್ಚುಗಳನ್ನು ಬೋರಲು ಹಾಕಿ ಜೋಡಿಸಿದ್ದರು. ಸುಣ್ಣದ ಚೀಲ ಗಟ್ಟಿಯಾಗಿ ಕಲ್ಲಾಗಿತ್ತು. ಹೊಸ ರಸದ ಟ್ಯಾಂಕಿನ ಒಂದು ಬದಿಯಲ್ಲಿ ಅಂಗಡಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ. ಉತ್ತರ ಪ್ರದೇಶದಿಂದ ಬಂದಿದ್ದ ಕೆಲಸಗಾರರು ಊರಿಗೆ ಹೋದವರು ಮರಳಿರಲಿಲ್ಲ. ಅವರ ರೊಟ್ಟಿ ಹಂಚು ಗೋಡೆಗೆ ಒರಗಿತ್ತು. ಯಜಮಾನರು ಒಳಗಿನಿಂದ ನಾನೇ ಬರೆದ, ಸ್ಪೈರಲ್ ಬೈಂಡ್ ಮಾಡಿಸಿದ ಡಿಪಿಆರ್ ತಂದರು. ಪೂಜೆಗೆ ಇಟ್ಟಿದ್ದರೇನೋ, ಹೊದಿಕೆಯ ಮೇಲೆ ಅರಿಶಿನ ಕುಂಕುಮ ಇನ್ನೂ ಇತ್ತು.

"ಮಗಳು ಓದಿ ಹೇಳಿದ್ಲು ಸಾರ್," ಎಂದರು. "240 ದಿನ ಗಾಣ ಆಡ್ತದೆ ಅಂತ ಬರ್ದಿದ್ದೀರಂತೆ. ಕಬ್ಬು ಎಲ್ಲಿಂದ ಬರ್ತದೆ ಅಂತ ಯಾವ ಪುಟದಲ್ಲಿ ಬರ್ದಿದ್ದೀರಿ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಆ ಪುಟ ಇದೆ, ತಮಗೆ ಸಿಕ್ಕಿಲ್ಲ ಎಂದೇ ಅವರು ಭಾವಿಸಿದ್ದರು. ನಾನು ಕಡತ ತೆಗೆದುಕೊಂಡು ಹಾಳೆ ತಿರುಗಿಸತೊಡಗಿದೆ. ಅಂತಹ ಪುಟ ಇಲ್ಲವೆಂದು ತಿಳಿದಿದ್ದೂ ತಿರುಗಿಸಿದೆ. ಯಂತ್ರಗಳ ಕೊಟೇಶನ್, ಮಾರುಕಟ್ಟೆ ವಿಶ್ಲೇಷಣೆ, ಐದು ವರ್ಷದ ಲಾಭ ನಷ್ಟ, ಪ್ಯಾಕಿಂಗ್ ವಿನ್ಯಾಸ. ಕಚ್ಚಾವಸ್ತು ಎಂಬ ಶೀರ್ಷಿಕೆಯಡಿ ಒಂದೇ ಸಾಲು: ಸ್ಥಳೀಯವಾಗಿ ಹೇರಳವಾಗಿ ಲಭ್ಯ. ವ್ಯವಸ್ಥಾಪಕರು ಮೊಬೈಲ್ ನೋಡುತ್ತಾ ಹೊರಗೆ ಹೋದರು. ಯಜಮಾನರ ಮನೆಯವರು ಮಜ್ಜಿಗೆ ತಂದುಕೊಟ್ಟರು. ಆ ಲೋಟ ಕೈಯಲ್ಲಿ ಹಿಡಿದುಕೊಂಡು ನಾನು, "ಬರೆದಿಲ್ಲ ಯಜಮಾನ್ರೇ, ಅದು ನನ್ನ ತಪ್ಪು," ಎಂದೆ. ಆ ಮಾತು ಹೇಳಲು ನನಗೆ ಬೇಕಾದ ಹೊತ್ತು ಬಹಳ ಹೆಚ್ಚಾಯಿತು.

ಅವರಿಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇತ್ತು, ಅದಕ್ಕೂ ನಾನೇ ಹೊಣೆ. 12 ಲಕ್ಷ ಸಹಾಯಧನ ಬಂದಿದೆಯಲ್ಲ, ಅದರಿಂದ ಕಂತು ಮುರಿದುಕೊಳ್ಳಲಿ ಎಂದರು. ಆ ಹಣ ಮಿರರ್ ಅಕೌಂಟಿನಲ್ಲಿ ಮೂರು ವರ್ಷ ಕೂತಿರುತ್ತದೆ, ಖಾತೆ ಸರಿಯಾಗಿದ್ದು ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ ಎಂಬುದನ್ನು ನಾನು ಮಂಜೂರಾತಿಯ ದಿನ ಅವಸರದಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದೆ. ಕಷ್ಟದ ವರ್ಷಕ್ಕೆ ಒದಗದ ಸಹಾಯಧನವನ್ನು ನಂಬಿ ಒಬ್ಬ ರೈತ ಸಾಲಕ್ಕೆ ಇಳಿಯುವಾಗ ಅದನ್ನು ಮೂರು ಸಲ ಹೇಳಬೇಕಿತ್ತು, ಕನ್ನಡದಲ್ಲಿ ಬರೆದುಕೊಡಬೇಕಿತ್ತು.

ಕಂತು ಮುಂದೂಡಲು ಸಾಧ್ಯವೇ ಎಂದು ಶಾಖೆಯಲ್ಲಿ ವಿಚಾರಿಸಿದೆ. ಬರದ ಕಾರಣ ಅವರಿಗೆ ಬಂದಿದ್ದ ಸೂಚನೆ ಬೆಳೆ ಸಾಲದ್ದು. ಆಲೆಮನೆಯ ಸಾಲ ಎಂಎಸ್‌ಎಂಇ ಟರ್ಮ್ ಲೋನ್, ಅಂದರೆ ಸಣ್ಣ ಉದ್ದಿಮೆಯ ಅವಧಿ ಸಾಲ. ಕಬ್ಬು ಒಣಗಿದರೆ ರೈತನಿಗೆ ಬರ, ಅದೇ ಕಬ್ಬನ್ನು ಅರೆಯಬೇಕಾದ ಗಾಣಕ್ಕೆ ಬರವಿಲ್ಲ ಎಂಬಂತಾಯಿತು. ಇಬ್ಬರೂ ಒಬ್ಬರೇ ಮನುಷ್ಯರಾಗಿದ್ದರೂ ಕಾಗದದಲ್ಲಿ ಬೇರೆ ಬೇರೆ. ಎನ್‌ಪಿಎ ಆಗುವುದಕ್ಕೆ ನಾಲ್ಕು ದಿನ ಮೊದಲು ಅವರು ಮನೆಯವರ ಒಡವೆ ಅಡವಿಟ್ಟು ಬಾಕಿ ಕಟ್ಟಿದರು. 2024ರ ಜುಲೈನಲ್ಲಿ ಜಲಾಶಯ ತುಂಬಿದರೂ ಗಾಣ ಕೂಡಲೇ ತಿರುಗಲಿಲ್ಲ. ಹೊಸದಾಗಿ ನಾಟಿ ಮಾಡಿದ ಕಬ್ಬು ಕಡಿಯಲು ಬರಲು ಹತ್ತು ಹನ್ನೆರಡು ತಿಂಗಳು ಬೇಕು; ಬರದ ಏಟು ಆಲೆಮನೆಗೆ ಎರಡು ಸಲ ಬೀಳುತ್ತದೆ.

ಪ್ರಾದೇಶಿಕ ಅಸಮತೋಲನದ ಬಗ್ಗೆ ನಮ್ಮ ರಾಜ್ಯದಲ್ಲಿ ಗಂಭೀರವಾದ ಕೆಲಸವೇ ನಡೆದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಜಿಲ್ಲೆಯ ಸರಾಸರಿಯನ್ನು ಒಡೆದು ತಾಲ್ಲೂಕಿಗೆ ಇಳಿದದ್ದು ಆ ವರದಿಯ ದೊಡ್ಡ ಹೆಜ್ಜೆ. ನಾನು ನೋಡಿದ ಮಟ್ಟಿಗೆ ನಾವು ಅಲ್ಲಿಂದ ಇನ್ನೊಂದು ಹೆಜ್ಜೆ ಕೆಳಗೆ ಇಳಿಯಲಿಲ್ಲ. ಒಂದೇ ತಾಲ್ಲೂಕಿನಲ್ಲಿ ನಾಲೆಯ ಮೇಲ್ಭಾಗದ ಊರಿಗೂ ಕೊನೆಭಾಗದ ಊರಿಗೂ ಇರುವ ಅಂತರ ಎರಡು ತಾಲ್ಲೂಕುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಹುದು. ಅದು ಬಿಟ್ಟು, ಇಡೀ ಜಿಲ್ಲೆಗೆ ಒಂದೇ ಉತ್ಪನ್ನವನ್ನು ಹೆಸರಿಸಿ, ಅದರ ನೀರು ನೋಡುವ ಇಲಾಖೆಯನ್ನು ಉದ್ದಿಮೆಗೆ ಸಾಲ ಕೊಡಿಸುವ ಸಭೆಗೆ ಕರೆಯದೆ, ಮಂಜೂರಾತಿಯ ಸಂಖ್ಯೆಯನ್ನೇ ಅಭಿವೃದ್ಧಿ ಎಂದು ಎಣಿಸಿದರೆ ಒಂದು ಬರದ ವರ್ಷ ಎಲ್ಲ ಘಟಕಗಳನ್ನೂ ಒಟ್ಟಿಗೆ ಹೊಡೆಯುತ್ತದೆ. ಬೆಲ್ಲದ ಜಿಲ್ಲೆಯಲ್ಲಿ ಕಬ್ಬಿಲ್ಲದ ವರ್ಷಕ್ಕೆ ಎರಡನೆಯ ದಾರಿ ಏನು ಎಂದು ನಾನು ಹೋದ ಯಾವ ಸಭೆಯಲ್ಲೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅದೇ ನನಗೆ ಹೆಚ್ಚು ಕೊರೆಯುವುದು. ಫೆಬ್ರವರಿಯ ಆ ಸಭೆಯಲ್ಲಿ ಪರದೆಯ ಮೇಲೆ ತಃಖ್ತೆ ಇತ್ತು: ಗುರಿ, ಅರ್ಜಿ, ಮಂಜೂರು, ಬಿಡುಗಡೆ, ಶೇಕಡಾವಾರು ಸಾಧನೆ. ಘಟಕ ನಡೆಯುತ್ತಿದೆಯೇ ಎಂಬ ಕಾಲಂ ಇರಲಿಲ್ಲ. ಅಧ್ಯಕ್ಷತೆ ವಹಿಸಿದ್ದವರು ನನ್ನ ಕಡೆ ತಿರುಗಿ, "ಏನಾದರೂ ಸಮಸ್ಯೆ ಇದ್ದರೆ ಹೇಳಿ," ಎಂದು ನೇರವಾಗಿಯೇ ಕೇಳಿದರು. ಚೀಲದ ಜಿಪ್ಪಿನ ಮೇಲೆ ಕೈ ಇಟ್ಟೆ. ಹಿಂದಿನ ಸಾಲಿನಲ್ಲಿ ಕಡಿಮೆ ಸಾಧನೆಗೆ ಆಗಷ್ಟೇ ಮಾತು ಕೇಳಿಸಿಕೊಂಡ ಸಹೋದ್ಯೋಗಿ ಕುಳಿತಿದ್ದರು. ನನ್ನ ಸಂಖ್ಯೆ ಚೆನ್ನಾಗಿತ್ತು. "ಏನಿಲ್ಲ ಸರ್," ಎಂದೆ. ಆ ಸಭೆಯಲ್ಲಿ ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರು (ಎಲ್‌ಡಿಎಂ) ಇದ್ದರು, ಕೃಷಿ, ತೋಟಗಾರಿಕೆ ಇಲಾಖೆಯವರಿದ್ದರು. ನಾನು ಅಂದು ಆ ಖಾತೆಯ ಹಾಳೆ ಮೇಜಿನ ಮೇಲಿಟ್ಟಿದ್ದರೆ ಒಡವೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ, ಪ್ರಶ್ನೆಯಾದರೂ ದಾಖಲಾಗುತ್ತಿತ್ತು.

ಈಗ ನಾನು ಬರೆಯುವ ಪ್ರತಿ ಬೆಲ್ಲದ ಡಿಪಿಆರ್‌ನಲ್ಲಿ ಕಬ್ಬಿನ ಪುಟವೊಂದು ಇರುತ್ತದೆ. ಕಬ್ಬು ಕೊಡುವವರ ಸರ್ವೆ ನಂಬರ್, ವಿತರಣಾ ನಾಲೆಯ ಹೆಸರು, ಗದ್ದೆ ಮೇಲ್ಭಾಗದ್ದೋ ಕೊನೆಭಾಗದ್ದೋ, ಕೊಳವೆ ಬಾವಿಯ ಸ್ಥಿತಿ, ಎಷ್ಟು ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು), ಎಷ್ಟು ಹೊಸ ನಾಟಿ. ಸಹಾಯಧನದ ಷರತ್ತನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಮುದ್ರಿಸಿ ಮನೆಮಂದಿಯ ಮುಂದೆ ಓದಿ ಹೇಳುತ್ತೇನೆ. ಇದರಿಂದ ನನ್ನ ಸಂಖ್ಯೆ ಇಳಿದಿದೆ. ಪೋರ್ಟಲ್‌ನಲ್ಲಿ ಆ ಪುಟಕ್ಕೆ ಪ್ರತ್ಯೇಕ ಜಾಗವಿಲ್ಲದ ಕಾರಣ ಕೊಟೇಶನ್‌ಗಳ ಜೊತೆ ಸೇರಿಸಿ ಒಂದೇ ಪಿಡಿಎಫ್ ಮಾಡಿ ಏರಿಸುತ್ತೇನೆ. ಎಷ್ಟು ಜನ ತೆರೆದು ನೋಡುತ್ತಾರೋ ಗೊತ್ತಿಲ್ಲ.

ಕಳೆದ ತಿಂಗಳು ಮದ್ದೂರು ಕಡೆಯ ಕೊನೆಭಾಗದ ಊರಿನಿಂದ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಿದ್ದಾರೆ. ಅವರ ಜೊತೆ ನಾಲೆಯ ಏರಿಯ ಮೇಲೆ ಎರಡು ಕಿಲೋಮೀಟರ್ ನಡೆದು, ಗದ್ದೆಗಳನ್ನು ನೋಡಿ, ಕೆಲಸದ ದಿನಗಳ ಕೋಶದಲ್ಲಿ 150 ಎಂದು ಬರೆದೆ. ಅವರ ಒಪ್ಪಿಗೆ ಪಡೆದು ಗಾಣದ ಅಳತೆಯನ್ನೂ ಸಾಲವನ್ನೂ ಅರ್ಧಕ್ಕೆ ಇಳಿಸಿದೆ. ಡಿಎಸ್‌ಸಿಆರ್ ಇನ್ನೂ ತುಸು ಕಡಿಮೆ ಬರುತ್ತಿದೆ, ದಿನಗಳನ್ನು 200 ಮಾಡಿ ಕಳಿಸಿ ಎಂದು ಶಾಖೆಯಿಂದ ಎರಡು ಸಲ ಫೋನ್ ಬಂದಿದೆ. ಕಡತ ಇನ್ನೂ ನನ್ನ ಮೇಜಿನ ಮೇಲೇ ಇದೆ, ಕೋಶದಲ್ಲಿ 150 ಎಂದೇ ಇದೆ. ಸೋಮವಾರ ಆ ಹೆಣ್ಣುಮಗಳನ್ನೂ ಕರೆದುಕೊಂಡು ಶಾಖೆಗೆ ಹೋಗುವವನಿದ್ದೇನೆ.